ನೆಗ್ಗಿದ ಲೋಟ, ಬಲಗಡೆಯ ಹೂವು

ನಮ್ಮ ಮನೆಯಲ್ಲಿ ಅರ್ಧ ಡಜನ್ ಸ್ಟೀಲ್ ಲೋಟಗಳಿವೆ. ಒಂದೇ ಅಂಗಡಿಯವು, ಒಂದೇ ಅಳತೆಯವು. ಅವುಗಳಲ್ಲಿ ಒಂದು ಮಾತ್ರ ನೆಗ್ಗಿದೆ. ಒಂದು ದಿನ ಕುಕ್ಕರು ಏಕಾಏಕಿ ಕೂಗಿಕೊಂಡಿದ್ದಕ್ಕೆ ಬೆಚ್ಚಿಬಿದ್ದು ನಾನೇ ಅದನ್ನು ಕೈಬಿಟ್ಟಿದ್ದೆ. ಅಂದಿನಿಂದ ಬೆಳಗಿನ ಕಾಫಿಗೆ ನನ್ನ ಕೈ ಹೋಗುವುದು ಅದಕ್ಕೇ. ಮಿಕ್ಕವು ತೊಳೆದು ಮುಂದೆ ಕೂತಿದ್ದರೂ ಸರಿ, ಅದೊಂದು ಎಂಜಲಾಗಿ ಸಿಂಕಿನಲ್ಲಿ ಬಿದ್ದಿದ್ದರೂ ಸರಿ, ಎತ್ತಿ ಉಜ್ಜಿ ಅದರಲ್ಲೇ ಕಾಫಿ ಸುರಿದುಕೊಳ್ಳುತ್ತೇನೆ.

"ಮನೇಲಿ ನೆಟ್ಟಗಿರೋ ಲೋಟಕ್ಕೆ ಬರ ಬಂದದಾ?" ಎನ್ನುತ್ತಾರೆ ನಮ್ಮ ಯಜಮಾನರು.

"ನೆಗ್ಗಿರೋ ಕಡೆ ಹೆಬ್ಬೆಟ್ಟು ಚೆನ್ನಾಗಿ ಕೂರ್ತದೆ" ಎಂದು ಒಂದು ದಿನ ಹೇಳಿದೆ. "ಇದರಲ್ಲಿ ಕಾಫಿ ಕಮ್ಮಿ ಹಿಡೀತದೆ, ಷುಗರ್‌ಗೆ ಒಳ್ಳೇದು" ಎಂದು ಇನ್ನೊಂದು ದಿನ ಹೇಳಿದೆ. ಮೂರನೆಯ ಸಲ ಕೇಳಿದಾಗ "ಬೀಳಿಸಿದೋಳು ನಾನು, ಅದಕ್ಕೆ ಕರುಣೆ" ಎಂದೆ. ಮೂರೂ ಸುಳ್ಳು, ಮೂರೂ ನಿಜ. ಕೈ ಹೋಗುವುದು ಮೊದಲು, ಕಾರಣ ಬರುವುದು ಆಮೇಲೆ, ಅದೂ ಯಾರಾದರೂ ಕೇಳಿದರೆ ಮಾತ್ರ.

ಇವತ್ತು ಈ ಲೋಟದ ಕತೆ ಹೇಳದೆ ನನಗೆ ತಡೆಯಲಾಗುತ್ತಿಲ್ಲ. ಯಾಕೆಂದರೆ ನಮ್ಮ ಚೈತ್ರಾಳ ಮದುವೆ ಗೊತ್ತಾಗಿದೆ! ಹುಡುಗ ನಾಳೆ ಮನೆಗೆ ಊಟಕ್ಕೆ ಬರುತ್ತಾನೆ, ಮನೆಯೆಲ್ಲ ಒಬ್ಬಟ್ಟಿನ ಹೂರಣದ ವಾಸನೆ, ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಚೈತ್ರಾ ನಮ್ಮಣ್ಣನ ಮಗಳು. ಅಣ್ಣ ಅತ್ತಿಗೆ ಇರುವುದು ಕೆ.ಆರ್. ಪೇಟೆ ಹತ್ತಿರದ ನಮ್ಮೂರಿನಲ್ಲಿ. ಈ ಹುಡುಗಿಗೆ ಶ್ರೀರಂಗಪಟ್ಟಣದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಆದ್ದರಿಂದ ಪಾಂಡವಪುರದ ನಮ್ಮ ಮನೆಯಲ್ಲೇ ಇದ್ದಾಳೆ. ಅದೇ ಶ್ರೀರಂಗಪಟ್ಟಣದಲ್ಲಿ ನಾನು ಹೈಸ್ಕೂಲು ಮೇಡಮ್ಮು. ದಿನಾ ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತೇವೆ.

ಬಸ್ಸು ಎಂದೆನಲ್ಲ, ಅಲ್ಲೂ ಇದೇ ರೋಗ. ಇಡೀ ಬಸ್ಸು ಖಾಲಿಯಿದ್ದರೂ ನನಗೆ ಎಡಗಡೆಯ ಮೂರನೇ ಕಿಟಕಿಯೇ ಆಗಬೇಕು. ಅಲ್ಲಿ ಚಕ್ರದ ಮೇಲಿನ ಉಬ್ಬು, ಕಾಲು ಮಡಚಿಕೊಂಡು ಕೂರಬೇಕು, ಕಿಟಕಿಯ ಗಾಜು ಸರಿಯುವುದಿಲ್ಲ. ಆದರೂ ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ನನಗೆ ಸಿಟ್ಟೇ ಬರುತ್ತದೆ. ಕಾವೇರಿ ಸೇತುವೆ ದಾಟುವಾಗ ನೀರು ಆ ಕಿಟಕಿಯಿಂದಲೇ ಚೆಂದ ಎಂದು ಚೈತ್ರಾಗೆ ಹೇಳಿದ್ದೆ. "ಆ ಮಾಸಿದ ಗಾಜಲ್ಲಿ ನೀರೇ ಕಾಣಲ್ಲವಲ್ಲ ಅತ್ತೆ" ಎಂದಳು. ಆ ದಿನ ನಾನು ಬೇರೆ ಕಾರಣ ಹುಡುಕಬೇಕಾಯಿತು.

ಇದು ನಮ್ಮಪ್ಪನಿಂದ ಬಂದ ಆಸ್ತಿ ಎನ್ನಬೇಕು. ನಾನು ಚಿಕ್ಕವಳಿದ್ದಾಗ ಅಪ್ಪ ಒಂದು ಹಸು ತರಲು ಹೊರಟಿತು (ನಮ್ಮ ಕಡೆ ಅಪ್ಪನನ್ನು ಹೀಗೇ ‘ಬಂತು, ಹೋಯಿತು’ ಎನ್ನುವುದು). ಸುಳಿ ನೋಡದೆ ದನ ಕಟ್ಟುವ ಮನೆಯಲ್ಲ ನಮ್ಮದು. ಹಣೆಯ ಮೇಲೆ, ಬೆನ್ನಿನ ಮೇಲೆ ಕೂದಲು ಎತ್ತ ಸುತ್ತಿಕೊಂಡಿದೆ ಎಂದು ನೋಡಿ, ಮನೆಗೆ ಆಗಿಬರುತ್ತದೋ ಇಲ್ಲವೋ ಎಂದು ಹೇಳಲು ನಮ್ಮ ದೊಡ್ಡಪ್ಪ ಜೊತೆಗೆ ಹೋಗಿದ್ದರು. ಸಂಜೆ ದೊಡ್ಡಪ್ಪ ಮುಖ ಊದಿಸಿಕೊಂಡು ಮುಂದೆ ಬಂದರು, ಅಪ್ಪ ಹಿಂದೆ ಒಂದು ಕಪಿಲೆ ಹಸುವನ್ನು ಹಿಡಿದುಕೊಂಡು ಬಂತು. ಒಳ್ಳೆ ಸುಳಿಯ ಹಸುಗಳನ್ನೆಲ್ಲ ಬಿಟ್ಟು ಅಪ್ಪ ಸುಳಿ ಕೆಟ್ಟದ್ದನ್ನೇ ಹಿಡಿದುಕೊಂಡು ಬಂದಿತ್ತು!

"ಬ್ಯಾರೇವೆಲ್ಲ ಮೇವಿಗೆ ಮೊಕ ಆಕಿದ್ವು ಕಣಮ್ಮಿ. ಇದೊಂದು ತಲೆ ಎತ್ತಿ ನನ್ನ ನೋಡ್ತು" ಎಂದಿತು ಅಪ್ಪ, ಅವ್ವನಿಗೆ.

ಅವ್ವ, "ನಿನ್ನ ನೋಡಿದೋರ್ನೆಲ್ಲ ಮನೇಗೆ ಕರ್ಕಂಡು ಬರಂಗಿದ್ರೆ ಏಳ್ಬುಡು, ನಾನು ಬಾಗ್ಲಾಕತೀನಿ" ಎಂದಳು. ಆದರೂ ಅರಿಶಿನ ಕುಂಕುಮ ತಂದು ಹಸುವಿನ ಹಣೆಗೆ, ಆ ಕೆಟ್ಟ ಸುಳಿಯ ಮೇಲೆಯೇ ಹಚ್ಚಿದಳು. ಮಾರನೆಯ ದಿನದಿಂದ ಅಪ್ಪ ಬಂದವರಿಗೆಲ್ಲ ಕೆಚ್ಚಲು ನೋಡಿ, ನಡಿಗೆ ನೋಡಿ, ಬಾಲ ನೋಡಿ ಎಂದು ಕಾರಣ ಕೊಡತೊಡಗಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಕೊಂಡವರಿಗೂ ಹಾಗೆಯೇ. ಆ ಹಸು ಬಹಳ ಕಾಲ ನಮ್ಮ ಕೊಟ್ಟಿಗೆಯಲ್ಲಿತ್ತು. ಹಾಲು ಅಷ್ಟಕ್ಕಷ್ಟೆ, ಒದೆಯುವುದರಲ್ಲಿ ಮಾತ್ರ ಒಂದು ಕೈ ಮೇಲು.

ಸರಿ, ಚೈತ್ರಾಳ ವಿಷಯಕ್ಕೆ ಬರುತ್ತೇನೆ. ನಮ್ಮೂರಿಗೆ ಬರುವುದು ಸುತ್ತು ಎಂದು ಗಂಡಿನ ಕಡೆಯವರೆಲ್ಲ ನಮ್ಮ ಮನೆಗೇ ಬರುತ್ತಿದ್ದರು; ಅಣ್ಣ ಅತ್ತಿಗೆಯೂ ಅವ್ವನನ್ನು ಕರೆದುಕೊಂಡು ಆ ದಿನ ಬಂದು ಸೇರುತ್ತಿದ್ದರು. ಸಂತೆಯಲ್ಲಿ ನಾನು ಒಂದೊಂದೇ ಬದನೆಕಾಯಿ ಎತ್ತಿ ತಿರುಗಿಸುವುದನ್ನು ಕಂಡು ತರಕಾರಿಯವಳು, "ಯೆಣ್ ನೋಡಕ್ ಬಂದಂಗೆ ನೋಡ್ತೀರಲ್ಲಮ್ಮ" ಎನ್ನುತ್ತಾಳೆ. ಹೆಣ್ಣು ನೋಡಲು ಬಂದವರನ್ನು ಕಂಡ ಮೇಲೆ ನನಗೆ ಗೊತ್ತಾಯಿತು, ನಾನು ಬದನೆಕಾಯಿಗೆ ಎಷ್ಟೋ ಮರ್ಯಾದೆ ಕೊಡುತ್ತೇನೆ.

ಮೊದಲು ಬಂದವನು ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಇಂಜಿನಿಯರು. ಗಡಿಬಿಡಿಯಲ್ಲಿ ಕಾಫಿ ತಟ್ಟೆಗೆ ನನ್ನ ನೆಗ್ಗಿದ ಲೋಟವೂ ಸೇರಿಕೊಂಡುಬಿಟ್ಟಿತ್ತು. ಅವನ ಕೈ ಅದರ ಹತ್ತಿರಕ್ಕೆ ಹೋಗಿ, ಒಂದು ಕ್ಷಣ ತಡೆದು, ಪಕ್ಕದ ಲೋಟಕ್ಕೆ ತಿರುಗಿತು. ನೋಡಿ, ನನ್ನ ಮನಸ್ಸು ಅಲ್ಲೇ ಮುರಿಯಿತು! ಎಷ್ಟು ಓದಿದವನು, ಎಷ್ಟು ವಿನಯ, ಇಸ್ತ್ರಿ ಮಾಡಿದ ಅಂಗಿ. ಏನೂ ತಪ್ಪು ಮಾಡದವನ ಮೇಲೆ ನನಗೆ ಮುನಿಸು. ಅತ್ತಿಗೆ ಮಾತ್ರ ಕರಗಿ ನೀರಾಗಿದ್ದಳು. "ಗೌರ್ಮೆಂಟು ಕೆಲ್ಸ, ಕ್ವಾಟ್ರಸ್ಸು, ಮನೆ ಮುಂದೇನೇ ಬಸ್ಸು" ಎಂದು ಜಪ ಶುರು ಮಾಡಿದಳು.

ಎರಡನೆಯವನದು ಬೆಳ್ಳೂರು ಕ್ರಾಸಿನಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ. ಈ ಸಲ ನಾನು ಬೇಕೆಂದೇ ಆ ಲೋಟವನ್ನು ತಟ್ಟೆಯಲ್ಲಿಟ್ಟೆ. ಹೌದು, ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಚಾರ ಮಾಡುವುದನ್ನು ಕಲಿಸುವ ನಾನು ಮನೆಯಲ್ಲಿ ಲೋಟವನ್ನು ಪರೀಕ್ಷಕರನ್ನಾಗಿ ಕೂರಿಸಿದ್ದೆ. ಹುಡುಗ ಕೈ ಚಾಚುವ ಮೊದಲೇ ಅವನ ತಾಯಿ ತಟ್ಟೆಯನ್ನು ತಿರುಗಿಸಿ ನೆಗ್ಗಿದ್ದನ್ನು ನನ್ನ ಕಡೆಗೆ ಕಳಿಸಿದರು. ಆದರೆ ಅಣ್ಣನಿಗೆ ಆ ಮನೆಯವರು ಹಿಡಿಸಿಬಿಟ್ಟರು. ಆ ಹುಡುಗನ ತಂದೆ ನಮ್ಮಣ್ಣನ ಹಾಗೆಯೇ ಕೂತರೆ ಏಳುವವರಲ್ಲ, ಮಾತಿಗೆ ಶುರುವಿಟ್ಟರೆ ನಿಲ್ಲಿಸುವವರಲ್ಲ.

ಮೂರನೆಯವನು ಕ್ಯಾತನಹಳ್ಳಿಯವನು. ಕಬ್ಬು, ಜೊತೆಗೆ ಒಂದು ಕೊಟ್ಟಿಗೆ ತುಂಬ ಸೀಮೆಹಸು. ಬಿಎಸ್ಸಿ ಓದಿ ಊರಿನಲ್ಲೇ ನಿಂತಿದ್ದ. ಬೈಕು ನಿಲ್ಲಿಸಿ, ನಲ್ಲಿಯ ಹತ್ತಿರ ಕಾಲು ತೊಳೆದು, ಒಳಗೆ ಬಂದು, ತಟ್ಟೆಯಿಂದ ನೇರವಾಗಿ ನೆಗ್ಗಿದ ಲೋಟವನ್ನೇ ಎತ್ತಿಕೊಂಡ! ಹೆಬ್ಬೆಟ್ಟು ಆ ಗುಳಿಯಲ್ಲಿ ಹೋಗಿ ಕೂತಿತು. ನಾನು ಅಡಿಗೆಮನೆಗೆ ಓಡಿ ಬಾಯಿಗೆ ಸೆರಗು ಇಟ್ಟುಕೊಂಡೆ. ನಮ್ಮ ಯಜಮಾನರು ನನಗೆ ಬಿಕ್ಕಳಿಕೆ ಬಂದಿದೆ ಎಂದು ನೀರು ತಂದು ಕೊಟ್ಟರು.

ಅವರು ಹೋದ ಮೇಲೆ ಅತ್ತಿಗೆ ಶುರು ಮಾಡಿದಳು. "ಓದಿ ಕೆಲ್ಸದಲ್ಲಿರೋ ಮಗೀನ ಸಗಣಿ ಬಾಚಕ್ಕೆ ಕಳಿಸ್ಲಾ? ನಾನು ಒಪ್ಪಕಿಲ್ಲ."

"ಬೆಳ್ಳೂರೋರೇ ಸರಿ" ಎಂದ ಅಣ್ಣ. "ಮನೆತನ ಅಂದ್ರೆ ಅದು."

"ಮನೆತನ ಏನು ಪಿಂಚಣಿ ಕೊಡ್ತದಾ?"

ಇಬ್ಬರ ದನಿಯೂ ಏರಿತು. ಚೈತ್ರಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನೀನೇನು ಅಂತೀಯ ಎಂದು ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ "ನಿಮ್ಮಿಷ್ಟ" ಎನ್ನುತ್ತಿದ್ದಳೇನೋ. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮೊದಲು ಕಲಿಸುವ ಮಾತೇ ಅದಲ್ಲವೆ? ಆದರೆ ಅವಳು ಸಿಂಕಿನ ಮುಂದೆ ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತದ್ದನ್ನು ನೋಡಿ ನನಗೆ ಸಂಕಟವಾಯಿತು. ಒಂದು ಜೀವಮಾನದ ಮಾತು, ಅದು ಅವಳನ್ನು ಬಿಟ್ಟು ಹಜಾರದಲ್ಲಿ ತೀರ್ಮಾನವಾಗುತ್ತಿತ್ತು.

ಆಗ ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮವ್ವ ಬಾಯಿ ಬಿಟ್ಟಳು. "ಕಿತ್ತಾಡ್ಬ್ಯಾಡಿ. ಗುಡ್ಡದಮ್ಮನ ತಾವ ಊವ ಕೇಳಮಾ."

ಗುಡ್ಡದಮ್ಮ ನಮ್ಮ ಮನೆದೇವರು, ನಾಗಮಂಗಲ ದಾಟಿ ಬೆಳ್ಳೂರಿಗೆ ಹೋಗುವ ಕಡೆ ಒಂದು ಸಣ್ಣ ಗುಡ್ಡದ ಮೇಲೆ ಇದ್ದಾಳೆ. ಮನೆ ಕಟ್ಟಲಿ, ಕೊಳವೆ ಬಾವಿ ಕೊರೆಸಲಿ, ನಮ್ಮವರು ಅವಳನ್ನು ಕೇಳದೆ ಮಾಡುವುದಿಲ್ಲ. ಪೂಜಾರಪ್ಪ ಅಮ್ಮನ ತಲೆಯ ಮೇಲೆ ಒಂದು ಹೂವು ಇಡುತ್ತಾರೆ. ನಾವು ನಮ್ಮ ಮಾತನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಹೂವು ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಎಡಕ್ಕೆ ಬಿದ್ದರೆ ಸುಮ್ಮನೆ ಒಪ್ಪಿಕೊಳ್ಳುವಷ್ಟು ಸಾಧುಗಳೇನೂ ನಾವಲ್ಲ. ಹಿಂದೊಮ್ಮೆ ಅವ್ವ, "ಸರಿಯಾಗಿ ಕಿವಿಗೆ ಬೀಳ್ನಿಲ್ಲ ಅನ್ನಿಸ್ತದೆ ಕಣಮ್ಮಾ, ಇನ್ನೊಂದ್ ಕಿತ ಕೇಳ್ತೀನಿ" ಎಂದು ಅಮ್ಮನಿಗೇ ಹೇಳಿ ಎರಡನೆಯ ಹೂವು ಇಡಿಸಿದ್ದಳು.

ಒಂದು ಮಂಗಳವಾರ ಎಲ್ಲರೂ ಕಾರು ಮಾಡಿಕೊಂಡು ಹೊರಟೆವು. ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ನು ಎಂದರೆ "ಮಗೀನ ಮದ್ವೆ ಕಳೀಲಿ" ಎಂದು ಮುಂದಕ್ಕೆ ಹಾಕುತ್ತ ಬಂದಿದ್ದಾಳೆ. ಚೈತ್ರಾಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು, ಗುಡಿಯೊಳಗೆ ಕೂತ ಮೇಲೂ ಆ ಕೈ ಬಿಡಲಿಲ್ಲ. ಪೂಜಾರಪ್ಪ ಅಮ್ಮನ ತಲೆಯ ಮೇಲೆ ಕೆಂಪು ಕಣಗಿಲೆ ಇಟ್ಟು, "ಕೇಳ್ಕಳಿ" ಎಂದರು.

ಅಣ್ಣ ಕಣ್ಣು ಮುಚ್ಚಿದ. ಅತ್ತಿಗೆಯ ತುಟಿ ಅಲ್ಲಾಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಕೇಳಿಕೊಂಡೆ. ಲೋಟದ ಹುಡುಗನಾದರೆ ಬಲಕ್ಕೆ ಕೊಡು ತಾಯಿ ಎಂದೆ. ಹೂವು ಅಲ್ಲಾಡಲಿಲ್ಲ. ಹೊರಗೆ ಬಿಸಿಲು, ಒಳಗೆ ಕರ್ಪೂರದ ಹೊಗೆ. ಹೂವು ಸ್ವಲ್ಪ ಜಾರಿದ ಹಾಗೆ ಕಂಡಿತು, ಮತ್ತೆ ನಿಂತಿತು. ನಾನು ರೆಪ್ಪೆ ಮಿಟುಕಿಸುವುದಕ್ಕೂ ಹೆದರಿ ಕೂತಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಒಂದು ಕೋತಿ ನುಗ್ಗಿ ನಮ್ಮ ಹಣ್ಣುಕಾಯಿಯ ಚೀಲಕ್ಕೆ ಕೈ ಹಾಕಿತು! "ಹಚಾ! ಹಚಾ!" ಎಂದು ಪೂಜಾರಪ್ಪ ಗಂಟೆ ಹಿಡಿದುಕೊಂಡೇ ಎದ್ದರು. ಅಣ್ಣ ಚೀಲದ ಒಂದು ಕಿವಿ ಹಿಡಿದ, ಕೋತಿ ಇನ್ನೊಂದು ಕಿವಿ ಹಿಡಿಯಿತು. ಅತ್ತಿಗೆ ಚೀರಿದಳು. ಬಾಳೆಹಣ್ಣಿನ ಚಿಪ್ಪು ಕೋತಿಯ ಪಾಲಾಯಿತು, ಹರಿದ ಚೀಲ ಅಣ್ಣನ ಪಾಲಾಯಿತು. ಎಲ್ಲರ ಮುಖವೂ ಬಾಗಿಲ ಕಡೆಗೆ ಇದ್ದಾಗಲೇ ಹಿಂದಿನಿಂದ ಅವ್ವನ ದನಿ ಬಂತು.

"ಬಲಕ್ಕೆ ಕೊಟ್ಲು ಕಣ್ರೋ! ತಾಯಿ ಬಲಕ್ಕೆ ಕೊಟ್ಬುಟ್ಲು!"

ತಿರುಗಿ ನೋಡಿದರೆ ಅಮ್ಮನ ತಲೆಯ ಮೇಲೆ ಹೂವಿಲ್ಲ. ಪೂಜಾರಪ್ಪ ಬಗ್ಗಿ, ಕೆಳಗೆ ಚೆದುರಿದ್ದ ಹೂಗಳ ನಡುವಿನಿಂದ ಕೆಂಪು ಕಣಗಿಲೆಯನ್ನು ಎತ್ತಿ ಚೈತ್ರಾಳ ಉಡಿಗೆ ಹಾಕಿದರು. ಅಣ್ಣ ಉದ್ದಕ್ಕೂ ಅಡ್ಡಬಿದ್ದ. ಅತ್ತಿಗೆ ಕಣ್ಣೊರೆಸಿಕೊಂಡಳು. ನನಗಂತೂ ಗುಡಿಯೊಳಗೇ ಕುಣಿಯಬೇಕೆನಿಸಿತು. ಇಷ್ಟು ಒಗ್ಗಟ್ಟಿನಲ್ಲಿ ನಮ್ಮ ಮನೆಯವರು ಖುಷಿಪಟ್ಟದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಅಣ್ಣ ಎಲ್ಲರಿಗೂ ಕೇಸರಿಬಾತು ಹೇಳಿದ. ಒಂದು ತುತ್ತು ಬಾಯಿಗಿಟ್ಟು, "ಅವ್ರ ಅಂಗ್ಡಿ ಇಲ್ಲೇ ಅದೆ. ಒಂದ್ ಮಾತು ಏಳ್ಬುಟ್ಟೇ ಓಗಮಾ" ಎಂದ.

"ಯಾರ ಅಂಗ್ಡಿ?" ಎಂದಳು ಅತ್ತಿಗೆ.

"ಬೀಗರ ಅಂಗ್ಡಿ ಕಣೆ. ಸಿಮೆಂಟಿಂದು. ಅಮ್ಮನೇ ಒಪ್ಪವ್ಳೆ, ಇನ್ನೇನು?"

"ಅಮ್ಮ ಒಪ್ಪಿರೋದು ಕೆ.ಆರ್.ಎಸ್.ನೋರ! ನಾನು ಇಂಜಿನಿಯರ್‌ಗಾದ್ರೆ ಬಲ ಅಂತ ಕೇಳ್ಕಂಡಿದ್ದು!"

"ನಾನು ಬೆಳ್ಳೂರೋರಿಗಾದ್ರೆ ಬಲ ಅಂತ ಕೇಳ್ಕಂಡಿದ್ದು!"

ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಎಲ್ಲರೂ ಸೇರಿ ಒಂದೇ ಮಾತು ಕೇಳಬೇಕು ಎನ್ನುವುದೇ ನಮಗೆ ಹೊಳೆದಿರಲಿಲ್ಲ. ಅವರವರ ಗಂಡನ್ನು ಅವರವರು ಮನೆಯಲ್ಲೇ ಆರಿಸಿಕೊಂಡು ಬಂದು, ಅಮ್ಮನ ಮುಂದೆ ರುಜು ಹಾಕಿಸಿಕೊಳ್ಳಲು ಕೂತಿದ್ದೆವು. ಒಂದೇ ಹೂವಿನಲ್ಲಿ ಆ ತಾಯಿ ಎಷ್ಟು ಮಂದಿಗೆ ಹೂಂ ಎನ್ನಬೇಕು?

ಆಗ ಚೈತ್ರಾ ಚಮಚ ಕೆಳಗಿಟ್ಟಳು. "ಅಪ್ಪಾ, ನಾನೂ ಕೇಳ್ಕೊಂಡಿದ್ದೆ."

ಅಣ್ಣ ತಿರುಗಿದ. "ಏನಂತವ್ವ?"

"ಕ್ಯಾತನಹಳ್ಳಿಯವರಾದ್ರೆ ಬಲಗಡೆ ಕೊಡಮ್ಮ ಅಂತ."

ಪಕ್ಕದ ಮೇಜಿಗೆ ಸಾಂಬಾರು ಹಾಕುತ್ತಿದ್ದವನು ಕೂಡ ಸೌಟು ಹಿಡಿದು ನಿಂತುಬಿಟ್ಟ. ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಅವ್ವ ಮೇಜು ಕುಟ್ಟಿದಳು. "ಆಯ್ತಲ್ಲ. ಮುಗೀತು. ಮಗು ಕೇಳಿದ್ದೇ ಲೆಕ್ಕ."

"ಅದೆಂಗವ್ವ? ನಾನು ಅಪ್ಪ ಅಲ್ವಾ?"

"ಅಪ್ಪನೇ ಕಣ್ಲಾ, ಯಾರಿಲ್ಲ ಅಂದೋರು? ಆ ಮನೇಗೋಗಿ ಬಾಳೋಳು ನೀನೇನ್ಲಾ? ಇಟ್ಟು ತಿರುವೋಳು ನೀನೇನ್ಲಾ?"

"ಸಗಣಿ ಬಾಚಬೇಕಲ್ಲತ್ತೆ..." ಎಂದಳು ಅತ್ತಿಗೆ, ಅಳುದನಿಯಲ್ಲಿ.

"ನೀನು ನಮ್ಮನೇಗೆ ಬಂದಾಗ ಕೊಟ್ಗೇಲಿ ಆನೆ ಕಟ್ಟಿದ್ವಾ? ಎಮ್ಮೆನೇ ಇದ್ದದ್ದು. ಒಪ್ಕಂಡು ಬರ್ನಿಲ್ವಾ? ಆವತ್ತು ನಿಮ್ಮಪ್ಪ ಬ್ಯಾಡ ಅಂದ್ರೂ ಅಟ ಇಡ್ದು ಬಂದೋಳು ನೀನು."

ಅತ್ತಿಗೆ ಅಣ್ಣನ ಕಡೆ ನೋಡಿದಳು. ಅಣ್ಣ ಕೇಸರಿಬಾತಿನ ಕಡೆ ನೋಡಿದ. ಇಷ್ಟು ವರ್ಷವಾದ ಮೇಲೂ ಇಬ್ಬರೂ ಕೆಂಪಗಾದದ್ದನ್ನು ನಾನು ನನ್ನ ಕಣ್ಣಾರೆ ಕಂಡೆ. ಕಾರು ವಾಪಸ್ಸು ನಾಗಮಂಗಲ ದಾಟಿದ ಮೇಲೆ ಅತ್ತಿಗೆಯೇ ಕೇಳಿದಳು, "ಸಗಣಿ ಬಾಚಕ್ಕೆ ಈಗ ಮಿಷನ್ನು ಬಂದದಂತಲ್ಲ, ನಿಜವಾ?" ನನ್ನ ಜೀವಕ್ಕೆ ಸಮಾಧಾನವಾಯಿತು.

ಮನೆಗೆ ಬಂದವಳೇ ನಾನು ಚೈತ್ರಾಳನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, ಗೆದ್ದ ಸಂಭ್ರಮದಲ್ಲಿ ಲೋಟ ಎತ್ತಿ ಹಿಡಿದೆ. "ಇದೇ ತಾನೇ? ಅವರು ಈ ಲೋಟ ತಗೊಂಡಿದ್ದು ನೋಡೇ ತಾನೇ ನೀನು ಒಪ್ಪಿದ್ದು?"

"ಯಾವ ಲೋಟ ಅತ್ತೆ?" ಎಂದಳು ಹುಡುಗಿ!

ಅವಳು ಲೋಟ ನೋಡಿರಲೇ ಇಲ್ಲ. ಆಮೇಲೊಮ್ಮೆ ಫೋನಿನಲ್ಲಿ ಅವನನ್ನೂ ವಿಚಾರಿಸಿದೆ. "ಹತ್ರ ಇತ್ತು, ತಗೊಂಡೆ ಅತ್ತೆ. ನೆಗ್ಗಿತ್ತಾ?" ಎಂದ. ನನ್ನ ಲೋಟದ ಶಾಸ್ತ್ರವೆಲ್ಲ ಒಂದೇ ಏಟಿಗೆ ಕುಸಿದುಬಿತ್ತು. ಹಾಗಾದರೆ ಅವನೇ ಯಾಕೆ ಎಂದು ಚೈತ್ರಾಳ ಬೆನ್ನು ಬಿಡದೆ ಕೇಳಿದೆ. "ಗೊತ್ತಿಲ್ಲ ಅತ್ತೆ. ಅವರು ಒಳಗೆ ಬಂದಾಗ ಮನೇಲಿ ಗಲಾಟೆ ಕಮ್ಮಿ ಆದ ಹಾಗಾಯ್ತು" ಎಂದಳು. ಆ ದಿನ ಮನೆಯಲ್ಲಿ ಎಷ್ಟು ಗಲಾಟೆಯಿತ್ತೆಂದರೆ ಪಕ್ಕದ ಮನೆಯವರು ಬಂದು ಇಣುಕಿ ಹೋಗಿದ್ದರು. ಆದರೂ ನಾನು ನಂಬಿದೆ. ತಲೆ ಎತ್ತಿ ನೋಡಿದ ಹಸುವನ್ನು ನಂಬಿ ತಂದ ಅಪ್ಪನ ಮಗಳಲ್ಲವೆ ನಾನು?

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಇವತ್ತು ಸಂಜೆ ಅವ್ವ ಜಗುಲಿಯಲ್ಲಿ ಕೂತು ಒಬ್ಬಟ್ಟಿಗೆ ಏಲಕ್ಕಿ ಬಿಡಿಸುತ್ತಿದ್ದಳು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ಎಲ್ಲ ಬೆರಳಿನ ಲೆಕ್ಕದಲ್ಲೇ. ಆ ಕೈಗಳನ್ನು ನೋಡುತ್ತಿದ್ದವಳಿಗೆ ಫಕ್ಕನೆ ಹೊಳೆಯಿತು.

"ಅವ್ವಾ, ನಿನಗೆ ಮೂರು ಮಾರು ದೂರ ಇರೋ ಬಾಗಿಲೇ ಕಾಣಲ್ಲ. ಆ ಹೊಗೆಯಲ್ಲಿ ಹೂವು ಬಲಕ್ಕೆ ಬಿದ್ದದ್ದು ಹೇಗೆ ಕಾಣ್ತು?"

ಅವ್ವ ಏಲಕ್ಕಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಊವು ಎಲ್ಲಮ್ಮಿ ಕಾಣ್ತದೆ ನಂಗೆ? ಮಗು ನನ್ ಕೈ ಅಮುಕ್ತು. ಇನ್ನೇನು, ಅವ್ಳು ಕೇಳಿದ್ದು ಸಿಕ್ತು ಅಂತ ಕೂಗ್ಬುಟ್ಟೆ."

ಅಣ್ಣ ನೋಡಿರಲಿಲ್ಲ, ಅತ್ತಿಗೆ ನೋಡಿರಲಿಲ್ಲ, ಪೂಜಾರಪ್ಪನೂ ಬಾಗಿಲ ಕಡೆಗೆ ಎದ್ದಿದ್ದರು. ಹೂವು ಎತ್ತ ಬಿತ್ತೆಂದು ಚೈತ್ರಾಳನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವಳಿಗಾದರೂ ಗೊತ್ತೋ ಇಲ್ಲವೋ. ಒಳಗೆ ಅವಳು ನಾಳೆಯ ಸೀರೆಗೆ ಇಸ್ತ್ರಿ ಹಾಕುತ್ತ ಏನನ್ನೋ ಗುನುಗುತ್ತಿದ್ದಳು. ಹೋಗಿ ಕೇಳಲೇ ಎಂದು ಎದ್ದವಳು ಮತ್ತೆ ಕೂತೆ.

"ಅವ್ವಾ," ಎಂದೆ ಮೆಲ್ಲಗೆ, "ಅದೇ ಹೊತ್ತಿಗೆ ಕೋತಿ ಬಂದಿತ್ತಲ್ಲ. ಅವಳು ಕೋತಿಗೆ ಹೆದರಿ ನಿನ್ನ ಕೈ ಅಮುಕಿದ್ದರೆ?"

ಅವ್ವ ನಕ್ಕಳು. ಏಲಕ್ಕಿ ಹತ್ತಿದ ಕೈ ಚಾಚಿ, ತಡಕಾಡಿ, ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಎದ್ರಿದ್ ಕೈ ಬ್ಯಾರೆ, ಬೇಕು ಅನ್ನೋ ಕೈ ಬ್ಯಾರೆ ಕಣಮ್ಮಿ. ಎರಡ್ನೂ ಇಡ್ದಿವ್ನಿ ನಾನು."